ಸೆಸ್ನಾ ೧೨೦: ಒಂದು ಲಘುವಿಮಾನದ ಜೀರ್ಣೋದ್ಧಾರವೂ ಇತಿಹಾಸದ ಆಧಾರಗಳೂ

ಜೀರ್ಣೋದ್ಧಾರವೆಂಬ ಮಾತು ನಮ್ಮ ಇತಿಹಾಸದ ವಿದ್ಯಾರ್ಥಿಗಳಿಗೆ ಹೊಸದಲ್ಲ. ಜೀರ್ಣವಾಗಿದ್ದ ದೇವಾಲಯವನ್ನು ಎತ್ತಿ ಕಟ್ಟಿಸಿದವನು ತನ್ನ ಹೆಸರನ್ನೂ ತಿಥಿಯನ್ನೂ ಬಿಟ್ಟ ದತ್ತಿಯನ್ನೂ ಕಲ್ಲಿನಲ್ಲಿ ಬರೆಯಿಸಿದ ಶಾಸನಗಳು ನಮ್ಮ ನಾಡಿನಲ್ಲಿ ಹೇರಳವಾಗಿ ದೊರೆಯುತ್ತವೆ. ಅಂಥ ಶಾಸನವಿದ್ದಲ್ಲಿ ಕಟ್ಟಡದ ಹಳೆಯ ಭಾಗ ಯಾವುದು, ಅನಂತರ ಸೇರಿದ್ದು ಯಾವುದು ಎಂಬುದನ್ನು ಬೇರ್ಪಡಿಸುವ ಕೆಲಸ ಸುಗಮವಾಗುತ್ತದೆ. ಇಲ್ಲದಲ್ಲಿ ಕಂಬದ ಕೆತ್ತನೆ, ಗಾರೆಯ ಬಗೆ, ಇಟ್ಟಿಗೆಯ ಅಳತೆ ಇವುಗಳಿಂದ ಊಹಿಸಬೇಕಾಗುತ್ತದೆ. ಈ ಪ್ರಶ್ನೆಯನ್ನೇ ಇಪ್ಪತ್ತನೆಯ ಶತಮಾನದ ಯಂತ್ರವೊಂದಕ್ಕೆ ಅನ್ವಯಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ನಾವು ಆರಿಸಿಕೊಂಡಿರುವ ಯಂತ್ರವು ಅಮೆರಿಕದ ಕ್ಯಾನ್ಸಾಸ್ ಸಂಸ್ಥಾನದ ವಿಚಿಟಾ ನಗರದಲ್ಲಿ ತಯಾರಾದ ಸೆಸ್ನಾ ೧೨೦ ಎಂಬ ಎರಡು ಆಸನಗಳ ಲಘುವಿಮಾನ. ಅದರಲ್ಲಿಯೂ ನಮ್ಮ ಗಮನವು ಮುಖ್ಯವಾಗಿ ಎರಡು ಅಂಗಗಳ ಮೇಲೆ: ದೀಪಗಳು, ಮತ್ತು ಕುಳಿತುಕೊಳ್ಳುವ ಕೋಣೆಯ ಒಳಾಂಗಣ. ಹಳೆಯ ವಿಮಾನದ ಒಡೆಯನು ಮೊದಲು ಬದಲಿಸಲು ಕೈಹಾಕುವುದು ಇವೆರಡನ್ನೇ.

ವಸ್ತುಸಂಗ್ರಹಾಲಯದಲ್ಲಿ ನಿಂತ ವಿಮಾನಕ್ಕೂ ಹಾರುತ್ತಿರುವ ಹಳೆಯ ವಿಮಾನಕ್ಕೂ ಒಂದು ಭೇದವುಂಟು. ಮೊದಲನೆಯದನ್ನು ಇದ್ದಂತೆಯೇ ಕಾಯಬಹುದು. ಎರಡನೆಯದು ಇಂದಿನ ಆಕಾಶದಲ್ಲಿ, ಇಂದಿನ ಕಾನೂನಿಗೆ ಒಳಪಟ್ಟು, ಜೀವವಿರುವ ಮನುಷ್ಯರನ್ನು ಹೊತ್ತು ಸಾಗಬೇಕು. ಆದಕಾರಣ ಅದರಲ್ಲಿ ಬದಲಾವಣೆ ಅನಿವಾರ್ಯ. ಬದಲಾವಣೆ ಆಗಬೇಕೇ ಬೇಡವೇ ಎಂಬ ಚರ್ಚೆಗಿಂತ, ಆದ ಬದಲಾವಣೆಯ ಗುರುತು ಎಲ್ಲಿ ಉಳಿಯುತ್ತದೆ, ಎಲ್ಲಿ ಅಳಿಯುತ್ತದೆ ಎಂಬ ವಿಚಾರವೇ ಇತಿಹಾಸಕಾರನಿಗೆ ಹೆಚ್ಚು ಪ್ರಯೋಜನಕರವೆಂದು ನಮಗೆ ತೋರುತ್ತದೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೆಸ್ನಾ ಕಂಪನಿಯು ಸೈನಿಕರ ತರಬೇತಿಗಾಗಿ ಎರಡು ಎಂಜಿನ್ನಿನ ಟಿ-೫೦ ವಿಮಾನಗಳನ್ನು ಐದು ಸಾವಿರಕ್ಕೂ ಮಿಕ್ಕು ತಯಾರಿಸಿತು. ಯುದ್ಧ ಮುಗಿಯುವ ಹೊತ್ತಿಗೆ ಅಲ್ಲಿನ ತಯಾರಕರೆಲ್ಲರ ಮನಸ್ಸಿನಲ್ಲಿ ಒಂದೇ ಲೆಕ್ಕವಿತ್ತು. ಯುದ್ಧದಲ್ಲಿ ಹಾರಲು ಕಲಿತ ಸಹಸ್ರಾರು ಯುವಕರು ಮನೆಗೆ ಮರಳುತ್ತಾರೆ. ಮರಳಿದ ಸೈನಿಕರ ವಿದ್ಯಾಭ್ಯಾಸಕ್ಕಾಗಿ ೧೯೪೪ರಲ್ಲಿ ಮಾಡಿದ ಶಾಸನದ ಮೇರೆಗೆ ವಿಮಾನ ನಡೆಸುವ ತರಬೇತಿಗೂ ಸರ್ಕಾರದ ಹಣ ಸಿಕ್ಕುತ್ತದೆ. ಮೋಟಾರು ಕಾರಿನಂತೆ ವಿಮಾನವೂ ಮಧ್ಯಮ ವರ್ಗದ ಮನೆಯಂಗಳಕ್ಕೆ ಬರುತ್ತದೆ. ಈ ನಿರೀಕ್ಷೆಯಲ್ಲಿ ೧೯೪೬ರ ಒಂದೇ ವರ್ಷದಲ್ಲಿ ಆ ದೇಶದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ನಾಗರಿಕ ವಿಮಾನಗಳು ತಯಾರಾದವು. ಮರುವರ್ಷ ಆ ಸಂಖ್ಯೆ ಅರ್ಧಕ್ಕೂ ಕೆಳಗೆ ಇಳಿಯಿತು. ನಿರೀಕ್ಷೆ ಹುಸಿಯಾದದ್ದು ಹೇಗೆಂಬುದು ಆರ್ಥಿಕ ಇತಿಹಾಸಕ್ಕೆ ಸೇರಿದ ವಿಷಯ. ಅದನ್ನು ಇಲ್ಲಿ ಬೆಳೆಸುವುದಿಲ್ಲ. ಆದರೆ ಆ ನಿರೀಕ್ಷೆ ಲೋಹದಲ್ಲಿಯೂ ಬಟ್ಟೆಯಲ್ಲಿಯೂ ಮೂರ್ತಿಗೊಂಡ ರೂಪವೇ ಸೆಸ್ನಾ ೧೨೦ ಎಂಬುದನ್ನು ನೆನಪಿನಲ್ಲಿಡಬೇಕು.

೧೨೦ಕ್ಕೆ ಒಬ್ಬ ಶ್ರೀಮಂತ ಸೋದರನಿದ್ದನು. ಅವನೇ ಸೆಸ್ನಾ ೧೪೦. ಈ ೧೪೦ರ ಮೊದಲ ಹಾರಾಟ ೧೯೪೫ರ ಜೂನ್ ೨೮ರಂದು ನಡೆಯಿತು. ೧೯೪೬ರಿಂದ ಎರಡೂ ಮಾದರಿಗಳು ಒಂದೇ ಕಾರ್ಖಾನೆಯಲ್ಲಿ ಜೊತೆಜೊತೆಯಾಗಿ ತಯಾರಾದವು. ಲೋಹದ ಒಡಲು, ಬಟ್ಟೆ ಹೊದಿಸಿದ ರೆಕ್ಕೆ, ಸ್ಟೀವ್ ವಿಟ್‌ಮನ್ ಎಂಬಾತನು ಕಂಡುಹಿಡಿದ ಸ್ಪ್ರಿಂಗ್ ಉಕ್ಕಿನ ಗಾಲಿಯ ಕಾಲುಗಳು, ಕಾಂಟಿನೆಂಟಲ್ ಕಂಪನಿಯ ೮೫ ಅಶ್ವಶಕ್ತಿಯ ಎಂಜಿನ್, ಇವು ಎರಡಕ್ಕೂ ಸಮಾನ. ವಿಮಾನಕ್ಕೆ ಸರ್ಕಾರ ಕೊಟ್ಟ ಮಾದರಿ ಪ್ರಮಾಣಪತ್ರವೂ ಒಂದೇ. ಅದರ ಸಂಖ್ಯೆ ಎ-೭೬೮. ಹಾಗಾದರೆ ಭೇದವೇನು? ೧೪೦ರ ರೆಕ್ಕೆಗಳಲ್ಲಿ ಇಳಿಯುವಾಗ ವೇಗ ತಗ್ಗಿಸಲು ನೆರವಾಗುವ ಫ್ಲಾಪುಗಳಿದ್ದವು. ೧೨೦ರಲ್ಲಿ ಅವು ಇರಲಿಲ್ಲ. ೧೪೦ರ ಕೋಣೆಯ ಹಿಂಭಾಗದಲ್ಲಿ ಇಂಗ್ಲಿಷಿನ ‘ಡಿ’ ಅಕ್ಷರದ ಆಕಾರದ ಕಿಟಕಿಗಳಿದ್ದವು. ೧೨೦ರಲ್ಲಿ ಅವು ಬೇಕೆಂದು ಕೇಳಿ, ಹೆಚ್ಚಿನ ಹಣ ಕೊಟ್ಟವರಿಗೆ ಮಾತ್ರ. ೧೪೦ರಲ್ಲಿ ಬ್ಯಾಟರಿ, ಜನರೇಟರು, ಎಂಜಿನ್ನನ್ನು ಎಬ್ಬಿಸುವ ಸ್ಟಾರ್ಟರು, ದೀಪಗಳು ಇದ್ದವು. ೧೨೦ರಲ್ಲಿ ಈ ವಿದ್ಯುತ್ ವ್ಯವಸ್ಥೆಯೂ ಐಚ್ಛಿಕ. ಒಳಾಂಗಣದ ಅಲಂಕರಣದಲ್ಲಿಯೂ ೧೨೦ಕ್ಕೆ ಸರಳತೆಯೇ ವಿಧಿಯಾಗಿತ್ತು.

ಹೀಗೆ ಫ್ಲಾಪುಗಳೊಂದನ್ನು ಬಿಟ್ಟರೆ ಬಡವನ ವಿಮಾನಕ್ಕೂ ಸ್ಥಿತಿವಂತನ ವಿಮಾನಕ್ಕೂ ಇದ್ದ ಅಂತರವು ದೀಪ ಮತ್ತು ಒಳಾಂಗಣಗಳ ಅಂತರವೇ ಆಗಿತ್ತು. ೧೨೦ರ ಒಡೆಯನು ಎಂಜಿನ್ನನ್ನು ಎಬ್ಬಿಸಬೇಕಾದರೆ ನೆಲದ ಮೇಲೆ ನಿಂತು ಪ್ರೊಪೆಲರನ್ನು ಕೈಯಿಂದ ತಿರುವಬೇಕಾಗಿತ್ತು. ಅದು ಕೈಗೇ ಸಂಚಕಾರ ತರಬಲ್ಲ ಕೆಲಸ. ಸೂರ್ಯಾಸ್ತವಾದೊಡನೆ ಅವನ ಹಾರಾಟವೂ ಮುಗಿಯುತ್ತಿತ್ತು. ಆದರೂ ಅವನ ಎಂಜಿನ್ನಿನಲ್ಲಿ ಜನರೇಟರನ್ನೂ ಸ್ಟಾರ್ಟರನ್ನೂ ಕೂಡಿಸುವ ಅವಕಾಶವನ್ನು ತಯಾರಕರು ಉಳಿಸಿದ್ದರು. ಇಂದು ಕೈಯಲ್ಲಿ ಹಣವಿಲ್ಲದವನಿಗೆ ನಾಳೆ ಇದ್ದೀತು ಎಂಬ ವ್ಯಾಪಾರಿಯ ದೂರದೃಷ್ಟಿ ಇದರಲ್ಲಿ ಕಾಣುತ್ತದೆ.

ಮಾರಾಟದ ಅಂಕಿಗಳು ಈ ಸಂದರ್ಭದಲ್ಲಿ ಗಮನಾರ್ಹವಾಗಿವೆ. ೧೯೪೯ರಲ್ಲಿ ತಯಾರಿಕೆ ನಿಲ್ಲುವವರೆಗೆ ೧೨೦ರ ಮಾದರಿಯಲ್ಲಿ ೨,೧೭೧ ವಿಮಾನಗಳು ಹೊರಬಂದವು. ೧೪೦ರದು ೪,೯೦೪, ಇದಲ್ಲದೆ ಲೋಹದ ರೆಕ್ಕೆಯ ೧೪೦ಎ ಎಂಬ ಕೊನೆಯ ಮಾದರಿ ೧೯೫೧ರವರೆಗೆ ನಡೆಯಿತು. ಅಗ್ಗದ ವಿಮಾನವೇ ಜನರಿಗೆ ಬೇಕೆಂದು ಎಲ್ಲರೂ ಹೇಳುತ್ತಿದ್ದ ಕಾಲದಲ್ಲಿ, ಅಗ್ಗದ್ದನ್ನೂ ಅದಕ್ಕಿಂತ ತುಸು ಹೆಚ್ಚು ಬೆಲೆಯದನ್ನೂ ಪಕ್ಕಪಕ್ಕದಲ್ಲಿ ಇಟ್ಟಾಗ, ಕೊಂಡವರು ಎರಡನೆಯದನ್ನು ಎರಡು ಪಟ್ಟಿಗೂ ಮಿಕ್ಕು ಕೊಂಡರು. ವೈಯಕ್ತಿಕ ವಿಮಾನದ ಯುಗವು ಏಕೆ ಬರಲಿಲ್ಲವೆಂದು ಕೇಳುವವರು ಈ ಅಂಕಿಗಳನ್ನು ಮೊದಲು ನೋಡಬೇಕು. ನಿಜವಾದ ಬಡವನು ವಿಮಾನವನ್ನೇ ಕೊಳ್ಳಲಿಲ್ಲ. ಕೊಳ್ಳಬಲ್ಲವನು ದೀಪವಿಲ್ಲದ್ದನ್ನು ಬಯಸಲಿಲ್ಲ.

ಇನ್ನು ಮುಖ್ಯ ಸಂಗತಿಗೆ ಬರೋಣ. ಇಂದು ಹಾರುತ್ತಿರುವ ೧೨೦ಗಳಲ್ಲಿ ಬಹುಪಾಲಿಗೆ ಪೂರ್ಣ ವಿದ್ಯುತ್ ವ್ಯವಸ್ಥೆಯನ್ನೂ ದೀಪಗಳನ್ನೂ ಅನಂತರದ ಒಡೆಯರು ಕೂಡಿಸಿದ್ದಾರೆ. ಅನೇಕವು ೧೪೦ರ ಕಿಟಕಿಯನ್ನೂ ಒಳಾಂಗಣವನ್ನೂ ಪಡೆದಿವೆ. ಎಲ್ಲ ಐಚ್ಛಿಕ ಸಾಮಗ್ರಿಗಳನ್ನೂ ತೊಡಿಸಿಕೊಂಡು ಕಾರ್ಖಾನೆಯಿಂದಲೇ ಹೊರಬಂದ ೧೨೦ ಒಂದೂ ಇದ್ದಿರಲಾರದೆಂದು ಈ ವಿಮಾನಗಳ ಒಡೆಯರ ಅಂತರರಾಷ್ಟ್ರೀಯ ಸಂಘವೇ ಅಭಿಪ್ರಾಯಪಡುತ್ತದೆ. ಅಂದಮೇಲೆ ವಿಮಾನನಿಲ್ದಾಣದಲ್ಲಿ ನಾವು ಕಾಣುವ ಸುಸಜ್ಜಿತವಾದ ೧೨೦ ಎಂಬುದು ೧೯೪೬ರಲ್ಲಿ ಇರಲೇ ಇಲ್ಲದ ವಸ್ತು. ಅದನ್ನು ೧೯೪೬ರ ಸಾಕ್ಷಿಯೆಂದು ತಿಳಿಯುವ ವಿದ್ಯಾರ್ಥಿಯು ಆ ಕಾಲದ ಅಗ್ಗದ ವಿಮಾನವೂ ಇಷ್ಟು ಸುಖಕರವಾಗಿತ್ತೇ ಎಂದು ಆಶ್ಚರ್ಯಪಡುವನು. ಅವನ ಆಶ್ಚರ್ಯಕ್ಕೆ ಆಧಾರವಿಲ್ಲ. ಬರಿಯ ೧೨೦ ಮೆಲ್ಲಮೆಲ್ಲನೆ ತನ್ನ ಸೋದರನಲ್ಲಿ ಕರಗಿಹೋಗಿದೆ. ರೆಕ್ಕೆಯ ಹಿಂಬದಿಯಲ್ಲಿ ಫ್ಲಾಪುಗಳಿಲ್ಲವೆಂಬುದೊಂದೇ ಅದರ ಹುಟ್ಟಿನ ಗುರುತಾಗಿ ಉಳಿದಿದೆ.

ಕರಗಿದ ಬಗೆಯನ್ನು ತಿಳಿಯಲು ದೀಪಗಳಿಂದ ಆರಂಭಿಸುವುದು ಯುಕ್ತ. ವಿಮಾನದ ಎಡರೆಕ್ಕೆಯ ತುದಿಯಲ್ಲಿ ಕೆಂಪು, ಬಲರೆಕ್ಕೆಯ ತುದಿಯಲ್ಲಿ ಹಸಿರು, ಬಾಲದಲ್ಲಿ ಬಿಳಿ ದೀಪವಿರಬೇಕೆಂಬ ನಿಯಮ ವಿಮಾನಕ್ಕಿಂತ ಬಹಳ ಹಳೆಯದು. ಉಗಿಹಡಗುಗಳು ರಾತ್ರಿಯಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆಯುವುದನ್ನು ತಪ್ಪಿಸಲು ಬ್ರಿಟಿಷ್ ನೌಕಾ ಆಡಳಿತವು ೧೮೪೮ರಲ್ಲಿ ಎಡಕ್ಕೆ ಕೆಂಪು, ಬಲಕ್ಕೆ ಹಸಿರು ದೀಪವನ್ನು ವಿಧಿಸಿತು. ೧೯೧೯ರ ಪ್ಯಾರಿಸ್ ಒಪ್ಪಂದವು ಸಮುದ್ರದ ಈ ಪದ್ಧತಿಯನ್ನೇ ಆಕಾಶಕ್ಕೆ ಎತ್ತಿಕೊಂಡಿತು. ಎಡ ಬಲದ ದೀಪಗಳು ಮುಂದಿನಿಂದ ಪಕ್ಕಕ್ಕೆ ತಲಾ ೧೧೦ ಅಂಶಗಳ ವ್ಯಾಪ್ತಿಯಲ್ಲಿಯೂ ಬಾಲದ ದೀಪವು ಹಿಂದಿನ ೧೪೦ ಅಂಶಗಳಲ್ಲಿಯೂ ಕಾಣಬೇಕು. ಮೂರೂ ಕೂಡಿ ವೃತ್ತ ಪೂರ್ಣವಾಗುತ್ತದೆ. ಕತ್ತಲೆಯಲ್ಲಿ ಮುಂದೆ ಕೆಂಪು ದೀಪ ಕಂಡ ವೈಮಾನಿಕನು ಇನ್ನೊಂದು ವಿಮಾನವು ತನ್ನ ಬಲದಿಂದ ಎಡಕ್ಕೆ ಸಾಗುತ್ತಿದೆಯೆಂದೂ ದಾರಿ ಬಿಡಬೇಕಾದವನು ತಾನೆಂದೂ ತಿಳಿಯುತ್ತಾನೆ. ಬೆಳಕಿನ ಬಣ್ಣವೇ ಇಲ್ಲಿ ಭಾಷೆ.

ಈ ದೀಪಗಳನ್ನು ವಿಮಾನಕ್ಕೆ ಹೊಂದುವಂತೆ ತಯಾರಿಸಿದವರಲ್ಲಿ ಒಹಾಯೋ ಸಂಸ್ಥಾನದ ಅರ್ಬಾನಾ ಪಟ್ಟಣದ ವಾರನ್ ಗ್ರೈಮ್ಸ್ (೧೮೯೮–೧೯೭೫) ಅಗ್ರಗಣ್ಯನು. ಅನಾಥಾಲಯದಲ್ಲಿ ಬೆಳೆದು ಫೋರ್ಡ್ ಕಾರ್ಖಾನೆಯಲ್ಲಿ ದುಡಿದ ಈತನ ಹೆಸರು ಹಳೆಯ ಲಘುವಿಮಾನಗಳ ರೆಕ್ಕೆತುದಿಯ ದೀಪಗಳಲ್ಲಿ ಇಂದಿಗೂ ಓದಲು ಸಿಕ್ಕುತ್ತದೆ. ಹಳೆಯ ನಾಣ್ಯದ ಮೇಲಿನ ಟಂಕಸಾಲೆಯ ಗುರುತಿನಂತೆ ಅದು ಕಾಲನಿರ್ಣಯಕ್ಕೆ ಸಹಾಯಕವಾಗುತ್ತದೆ. ಗಾಜಿನ ಬುರುಡೆ ಒಡೆಯದೆ ಉಳಿದಿದ್ದರೆ ಒಡೆಯರು ಅದನ್ನು ನಿಧಿಯಂತೆ ಕಾಪಾಡುವುದುಂಟು.

ದೀಪ ಕೂಡಿಸುವುದರಲ್ಲಿ ಮೊದಲಿನಿಂದಲೂ ಇದ್ದ ತೊಡಕು ವಿದ್ಯುತ್ತಿನ ಕೊರತೆ. ಅಂದಿನ ಲಘುವಿಮಾನಗಳ ಜನರೇಟರು ಕೊಡುತ್ತಿದ್ದದ್ದು ೧೨ ಅಥವಾ ೨೦ ಆಂಪಿಯರ್ ಮಾತ್ರ. ವಿಮಾನ ಇಳಿಯುವಾಗ ನೆಲವನ್ನು ಬೆಳಗಿಸಲು ಈ ವರ್ಗದ ವಿಮಾನಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ೪೫೦೯ ಎಂಬ ಸಂಖ್ಯೆಯ ದೀಪವು ೧೦೦ ವಾಟಿನದು. ೧೯೪೦ರ ಸುಮಾರಿಗೆ ಅಮೆರಿಕದ ಮೋಟಾರು ಕಾರುಗಳಲ್ಲಿ ರೂಢಿಗೆ ಬಂದ, ಗಾಜಿನಲ್ಲಿ ಮುದ್ರಿತವಾದ ದೀಪಗಳ ಜಾತಿಗೆ ಇದು ಸೇರಿದ್ದು. ಇದೊಂದೇ ಸುಮಾರು ೮ ಆಂಪಿಯರ್ ಎಳೆಯುತ್ತದೆ. ರೆಕ್ಕೆ ಬಾಲಗಳ ಮೂರು ದೀಪಗಳು ತಲಾ ೨ ಆಂಪಿಯರಿನಂತೆ ೬. ಇಷ್ಟಕ್ಕೇ ೧೨ ಆಂಪಿಯರಿನ ಜನರೇಟರು ಸೋಲುತ್ತದೆ. ರೇಡಿಯೋ ಹಚ್ಚಿದರೆ ಬ್ಯಾಟರಿಯ ಶೇಖರಣೆ ಕರಗತೊಡಗುತ್ತದೆ. ಮೇಲಾಗಿ ಆ ೧೦೦ ವಾಟಿನ ದೀಪದ ಆಯುಷ್ಯವನ್ನು ತಯಾರಕರೇ ೨೫ ಗಂಟೆಗಳೆಂದು ಗೊತ್ತುಮಾಡಿದ್ದರು. ಎಂಜಿನ್ನಿನ ನಡುಕದಲ್ಲಿ ಅದೂ ಎಷ್ಟೋ ವೇಳೆ ಪೂರೈಸದು. ಹೀಗಾಗಿ ದೀಪವನ್ನು ಕೊನೆಯ ಕ್ಷಣದವರೆಗೆ ಹಚ್ಚದಿರುವುದೇ ಹಳೆಯ ವೈಮಾನಿಕರ ಮಿತವ್ಯಯವಾಗಿತ್ತು. ಮನೆಯಲ್ಲಿ ಸೀಮೆಎಣ್ಣೆಯ ದೀಪದ ಬತ್ತಿಯನ್ನು ಇಳಿಸಿಡುತ್ತಿದ್ದ ಹಿರಿಯರ ಎಚ್ಚರಿಕೆ ಇಲ್ಲಿ ನೆನಪಾಗುತ್ತದೆ.

ಅರೆವಾಹಕದ ದೀಪಗಳು, ಎಂದರೆ ಎಲ್‌ಇಡಿಗಳು, ಈ ಲೆಕ್ಕವನ್ನು ತಲೆಕೆಳಗು ಮಾಡಿದವು. ನೀಲಿ ಎಲ್‌ಇಡಿಯು ೧೯೯೦ರ ದಶಕದಲ್ಲಿ ಸಾಧ್ಯವಾಗಿ, ಅದರಿಂದ ಬಿಳಿಯ ಬೆಳಕು ದೊರೆತದ್ದು ಎಷ್ಟು ದೊಡ್ಡ ಸಂಗತಿಯೆಂಬುದಕ್ಕೆ ೨೦೧೪ರ ಭೌತವಿಜ್ಞಾನದ ನೊಬೆಲ್ ಬಹುಮಾನವೇ ಸಾಕ್ಷಿ. ಅದೇ ಅಳತೆಯ ಗೂಡಿನಲ್ಲಿ ಕೂರುವ ಹೊಸ ದೀಪವು ಹಳೆಯದರ ಅರ್ಧಕ್ಕಿಂತ ಕಡಮೆ ವಿದ್ಯುತ್ತಿನಿಂದ ಉರಿದು ಸಾವಿರಾರು ಗಂಟೆ ಬಾಳುತ್ತದೆ. ಹಾಗಾಗಿ ಹಗಲಿನಲ್ಲಿಯೂ ದೀಪ ಹಚ್ಚಿಕೊಂಡೇ ಹಾರುವ ಪದ್ಧತಿ ಚಿಕ್ಕ ವಿಮಾನಗಳಿಗೂ ಸುಲಭವಾಯಿತು. ಇದು ನೆಲವನ್ನು ನೋಡುವುದಕ್ಕಿಂತ ಇತರರಿಗೆ ಕಾಣುವುದಕ್ಕಾಗಿ. ಹೊಸ ದೀಪಕ್ಕೂ ದೋಷಗಳಿಲ್ಲದಿಲ್ಲ. ಅದರ ವಿದ್ಯುತ್ತನ್ನು ನಿಯಂತ್ರಿಸುವ ಮಂಡಲವು ರೇಡಿಯೋದಲ್ಲಿ ಗದ್ದಲವನ್ನು ಉಂಟುಮಾಡಬಹುದು. ಆದ್ದರಿಂದ ಕೂಡಿಸಿದ ಮೇಲೆ ರೇಡಿಯೋ ಹಚ್ಚಿ, ದೀಪ ಹಚ್ಚಿ ಪರೀಕ್ಷಿಸುವುದು ಅವಶ್ಯಕ. ಹಳೆಯ ತಂತಿಗಳ ಸ್ಥಿತಿ ಇನ್ನೂ ಮುಖ್ಯವಾದದ್ದು. ರಬ್ಬರು ಮತ್ತು ಹತ್ತಿಯ ನೇಯ್ಗೆ ಹೊದಿಸಿದ ತಂತಿಯು ಎಪ್ಪತ್ತು ವರ್ಷದಲ್ಲಿ ಗರಿಗರಿಯಾಗಿ ಉದುರುತ್ತದೆ. ಹೊಸ ದೀಪವನ್ನು ಹಳೆಯ ತಂತಿಗೆ ಜೋಡಿಸುವವನು ಅರ್ಧ ಕೆಲಸವನ್ನು ಮಾತ್ರ ಮಾಡಿದಂತೆ.

ಕಾನೂನಿನ ದೃಷ್ಟಿಯಿಂದ ಈ ದೀಪಗಳ ವಿಷಯ ಇನ್ನೂ ಸ್ವಾರಸ್ಯಕರವಾಗಿದೆ. ಡಿಕ್ಕಿ ತಪ್ಪಿಸಲು ಮಿನುಗುವ ದೀಪದ ಹೊಸ ಮಾನದಂಡವು ಅಮೆರಿಕದಲ್ಲಿ ೧೯೭೧ರ ಆಗಸ್ಟ್ ೧೧ರಿಂದ ಜಾರಿಗೆ ಬಂದಿತು. ಅದಕ್ಕೆ ಹಿಂದಿನ ಮಾದರಿಯ ವಿಮಾನಕ್ಕೆ ಆಮೇಲೆ ಕೂಡಿಸುವ ದೀಪವು ಹಿಂದಿನ ದಿನದವರೆಗಿನ ಮಾನದಂಡವನ್ನು ಮುಟ್ಟಿದರೆ ಸಾಕು. ಹಳೆಯದಕ್ಕೆ ಹಳೆಯ ಅಳತೆಗೋಲು ಎಂಬ ಈ ತತ್ತ್ವವನ್ನು ನಮ್ಮ ಪ್ರಾಚೀನ ಧರ್ಮಶಾಸ್ತ್ರಕಾರರೂ ಒಪ್ಪುತ್ತಿದ್ದರೇನೋ. ಆದರೆ ಇನ್ನೊಂದು ನಿಯಮವು ಇಷ್ಟು ಉದಾರವಾಗಿಲ್ಲ. ದೊಡ್ಡ ವಿಮಾನನಿಲ್ದಾಣಗಳ ಸುತ್ತ ೩೦ ನಾಟಿಕಲ್ ಮೈಲಿಗಳೊಳಗೆ ಹಾರುವ ವಿಮಾನವು ತನ್ನ ಎತ್ತರವನ್ನು ತಿಳಿಸುವ ರೇಡಿಯೋ ಉಪಕರಣವನ್ನೂ, ೨೦೨೦ರ ಜನವರಿ ೧ರಿಂದ ತನ್ನ ನೆಲೆಯನ್ನು ತಾನೇ ಸಾರುವ ಇನ್ನೊಂದು ಉಪಕರಣವನ್ನೂ ಹೊಂದಿರಬೇಕು. ಹುಟ್ಟಿನಿಂದ ವಿದ್ಯುತ್ ವ್ಯವಸ್ಥೆಯಿಲ್ಲದ, ಅನಂತರವೂ ಅದನ್ನು ಪಡೆಯದ ವಿಮಾನಕ್ಕೆ ಮಾತ್ರ ಕೆಲವು ಮಿತಿಗಳೊಳಗೆ ವಿನಾಯಿತಿಯುಂಟು. ಆದಕಾರಣ ಜನರೇಟರು ಹೂಡಿ ದೀಪ ತೊಡಿಸಿದ ದಿನವೇ ೧೨೦ ಈ ವಿನಾಯಿತಿಯನ್ನು ಕಳೆದುಕೊಳ್ಳುತ್ತದೆ. ದೀಪವೊಂದು ವಿಮಾನದ ಜಾತಿಯನ್ನೇ ಬದಲಿಸಿತು ಎಂದರೂ ತಪ್ಪಾಗದು. ೨೦೧೦ರ ದಶಕದ ಕೊನೆಗೆ ಈ ಸಾರುವ ಉಪಕರಣವನ್ನು ರೆಕ್ಕೆತುದಿಯ ಅಥವಾ ಬಾಲದ ಎಲ್‌ಇಡಿ ದೀಪದೊಳಗೇ ಅಡಗಿಸಿ ಮಾರತೊಡಗಿದರು. ಹಡಗಿನ ಲಾಂದ್ರದ ಜಾಗದಲ್ಲಿ ಈಗ ರೇಡಿಯೋ ಕುಳಿತಿದೆ; ನೋಡುವವನಿಗೆ ಮಾತ್ರ ಅದು ಇನ್ನೂ ದೀಪವಾಗಿಯೇ ಕಾಣುತ್ತದೆ.

ಇಂಥ ಪ್ರತಿಯೊಂದು ದೊಡ್ಡ ಬದಲಾವಣೆಗೂ ಅಲ್ಲಿ ಒಂದು ಕಾಗದ ಹುಟ್ಟುತ್ತದೆ. ೩೩೭ ಎಂಬ ಸಂಖ್ಯೆಯ ನಮೂನೆಯಲ್ಲಿ ಯಂತ್ರಜ್ಞನು ಏನು ಮಾಡಿದನೆಂಬುದನ್ನು ಬರೆದು ಸಹಿ ಹಾಕುತ್ತಾನೆ. ತನಿಖೆಯ ಅಧಿಕಾರ ಪಡೆದವನು ಒಪ್ಪಿಗೆ ಕೊಡುತ್ತಾನೆ. ಒಂದು ಪ್ರತಿ ಒಡೆಯನಿಗೆ, ಇನ್ನೊಂದು ಒಕ್ಲಹೋಮಾ ನಗರದಲ್ಲಿರುವ ಫೆಡರಲ್ ವಿಮಾನಯಾನ ಆಡಳಿತದ ದಾಖಲೆಯ ಭಂಡಾರಕ್ಕೆ. ಅಲ್ಲಿ ಪ್ರತಿ ವಿಮಾನಕ್ಕೂ ಒಂದು ಕಡತವಿದೆ. ಕೇಳಿದವರಿಗೆ ಅದರ ಪ್ರತಿ ಸಿಗುತ್ತದೆ. ಯಾವ ಇಸವಿಯಲ್ಲಿ ಜನರೇಟರು ಬಂದಿತು, ಯಾವಾಗ ರೆಕ್ಕೆಯಲ್ಲಿ ದೀಪ ಕೊರೆಯಲ್ಪಟ್ಟಿತು ಎಂಬುದನ್ನು ಇವುಗಳಿಂದ ಹಂತಹಂತವಾಗಿ ಹೇಳಬಹುದು. ಜೀರ್ಣೋದ್ಧಾರದ ಶಾಸನಗಳಿಗೆ ಇವನ್ನು ನಾವು ಹೋಲಿಸುವುದು ಬರಿಯ ಅಲಂಕಾರಕ್ಕಾಗಿ ಅಲ್ಲ. ಕರ್ತೃ, ಕಾಲ, ಕಾರ್ಯ, ಸಾಕ್ಷಿ ಎಂಬ ನಾಲ್ಕು ಅಂಗಗಳೂ ಎರಡರಲ್ಲಿಯೂ ಇವೆ.

ಒಳಾಂಗಣದ ಕಥೆ ಬೇರೆ. ಆಸನದ ಹೊದಿಕೆ, ಮೇಲ್ಗಡೆ ಬಿಗಿದ ಬಟ್ಟೆ, ಬಾಗಿಲಿನ ಒಳಮೈ, ನೆಲದ ಜಮಖಾನ, ಇವುಗಳ ಬದಲಾವಣೆಯನ್ನು ಸಾಮಾನ್ಯವಾಗಿ ಚಿಕ್ಕ ಕೆಲಸವೆಂದೇ ಎಣಿಸುತ್ತಾರೆ. ಅದಕ್ಕೆ ೩೩೭ರ ನಮೂನೆ ಬೇಕಿಲ್ಲ. ವಿಮಾನದ ಲಾಗ್ ಪುಸ್ತಕದಲ್ಲಿ ಒಂದು ಸಾಲು ಸಾಕು. ಬಟ್ಟೆಗೆ ಬೆಂಕಿ ಬೇಗ ಹತ್ತಬಾರದೆಂಬ ಷರತ್ತುಂಟು. ಆದರೆ ಅತಿ ಹಳೆಯ ನಿಯಮಾವಳಿಗೆ ಸೇರಿದ ವಿಮಾನಗಳಿಗೆ, ಮೋಟಾರು ಕಾರಿನ ಒಳಬಟ್ಟೆಗಾಗಿ ಮಾಡಿದ ೩೦೨ನೆಯ ಮಾನದಂಡವೇ ಸಾಕೆನ್ನುತ್ತಾರೆ. ಉರಿಯು ನಿಮಿಷಕ್ಕೆ ೪ ಅಂಗುಲಕ್ಕಿಂತ ವೇಗವಾಗಿ ಹರಿಯಬಾರದೆಂಬುದು ಅದರ ತಿರುಳು. ಕಾರಿನಿಂದ ಇಳಿದು ಓಡಬಹುದು. ಮೂರು ಸಾವಿರ ಅಡಿ ಎತ್ತರದಲ್ಲಿ ಆ ಸೌಕರ್ಯವಿಲ್ಲ. ಈ ಸಡಿಲಿಕೆಯನ್ನು ನಾವು ಮೆಚ್ಚಲಾರೆವು. ಆಸನದೊಳಗೆ ತುಂಬುವ ಪಾಲಿಯುರಿಥೇನ್ ನೊರೆಯು ಉರಿದರೆ ಹೊರಡುವ ಹೊಗೆ ಪ್ರಾಣಾಂತಿಕವಾದದ್ದು. ಕಾನೂನು ಕೇಳದಿದ್ದರೂ ಹೊಸ ವಿಮಾನಗಳಿಗೆ ವಿಧಿಸಿದ ಬೆಂಕಿಪರೀಕ್ಷೆಯಲ್ಲಿ ತೇರ್ಗಡೆಯಾದ ಬಟ್ಟೆಯನ್ನೇ ಹಾಕಿಸುವ ಒಡೆಯರಿದ್ದಾರೆ. ಅವರ ವಿವೇಕವನ್ನು ಹೊಗಳಬೇಕು.

ಹೆಗಲಿನ ಪಟ್ಟಿಯ ವಿಷಯದಲ್ಲಿಯೂ ಇದೇ ಸ್ಥಿತಿ. ೧೯೪೬ರ ವಿಮಾನದಲ್ಲಿ ಸೊಂಟದ ಪಟ್ಟಿ ಮಾತ್ರ ಇತ್ತು. ಮುಂದಿನ ಆಸನಗಳಿಗೆ ಹೆಗಲಿನ ಪಟ್ಟಿಯನ್ನು ಕಡ್ಡಾಯಮಾಡಿದ್ದು ೧೯೭೮ರ ಜುಲೈ ೧೮ರ ಅನಂತರ ತಯಾರಾದ ಚಿಕ್ಕ ವಿಮಾನಗಳಿಗೆ; ಹಳೆಯವಕ್ಕೆ ಬಲವಂತವಿಲ್ಲ. ಅಪಘಾತದಲ್ಲಿ ತಲೆ ಮುಂದಿನ ಫಲಕಕ್ಕೆ ಅಪ್ಪಳಿಸುವುದೇ ಸಾವಿಗೆ ಕಾರಣವಾಗುವ ಚಿಕ್ಕ ವಿಮಾನಗಳಲ್ಲಿ, ಒಳಾಂಗಣದ ಸುಧಾರಣೆಗಳೆಲ್ಲದರಲ್ಲಿ ಮೊದಲ ಸ್ಥಾನ ಈ ಪಟ್ಟಿಗೇ ಸಲ್ಲಬೇಕು. ಮೂಲರೂಪಕ್ಕೆ ಭಂಗವಾದೀತೆಂದು ಇದನ್ನು ಹಾಕಿಸದೆ ಬಿಡುವುದು ಇತಿಹಾಸಪ್ರೇಮದ ಹೆಸರಿನಲ್ಲಿ ಮಾಡುವ ಅವಿವೇಕ.

ಮುಂದಿನ ಫಲಕದ ವಾದ್ಯಗಳಲ್ಲಿ ಒಂದು ವಿಶೇಷ ಅಪಾಯವಿದೆ. ಆ ಕಾಲದ ಅನೇಕ ವಿಮಾನ ವಾದ್ಯಗಳ ಅಂಕಿಗಳಿಗೂ ಮುಳ್ಳುಗಳಿಗೂ, ಅದರಲ್ಲಿಯೂ ಯುದ್ಧದ ಅನಂತರ ಅಗ್ಗವಾಗಿ ದೊರೆತ ಸೈನ್ಯದ ವಾದ್ಯಗಳಿಗೆ, ಕತ್ತಲೆಯಲ್ಲಿ ಹೊಳೆಯಲೆಂದು ರೇಡಿಯಂ ಬೆರೆಸಿದ ಬಣ್ಣ ಬಳಿಯುತ್ತಿದ್ದರು. ಹೊಳಪನ್ನು ಕೊಡುವ ಸತುವಿನ ಸಲ್ಫೈಡು ಕೆಲವು ದಶಕಗಳಲ್ಲಿ ಸವೆದುಹೋಗುತ್ತದೆ. ರೇಡಿಯಮ್ಮಿನ ಅರ್ಧಾಯುಷ್ಯವಾದರೋ ಸುಮಾರು ೧,೬೦೦ ವರ್ಷ. ಎಂದರೆ ಬೆಳಕು ಆರಿದೆ, ವಿಷ ಆರಿಲ್ಲ. ಗಾಜು ತೆಗೆದು ಕೆರೆದು ಹೊಸ ಬಣ್ಣ ಬಳಿಯುವ ಉತ್ಸಾಹಿಯು ಆ ಪುಡಿಯನ್ನು ಉಸಿರಿನೊಡನೆ ಒಳಗೆಳೆದುಕೊಳ್ಳುತ್ತಾನೆ. ಅಂಥ ವಾದ್ಯವನ್ನು ತೆರೆಯದೆ ಹೊರತೆಗೆದು ಬಲ್ಲವರಿಗೆ ಒಪ್ಪಿಸುವುದೇ ಕ್ರಮ. ಯುದ್ಧಕಾಲದಲ್ಲಿ ಬಳಕೆಗೆ ಬಂದ ಕೆಂಪು ಬೆಳಕು ಇದಕ್ಕೆ ನಿರಪಾಯವಾದ ಪರ್ಯಾಯವಾಗಿತ್ತು. ಕತ್ತಲೆಗೆ ಹೊಂದಿಕೊಂಡ ಕಣ್ಣನ್ನು ಅದು ಕೆಡಿಸುವುದಿಲ್ಲ. ಆದರೆ ಆ ಬೆಳಕಿನಲ್ಲಿ ನಕ್ಷೆಯ ಕೆಂಪು ಗೆರೆಗಳು ಮಾಯವಾಗುವುದರಿಂದ, ಕ್ರಮೇಣ ಮಂದವಾದ ಬಿಳಿ ಬೆಳಕೇ ಮೇಲೆನಿಸಿತು.

ತೂಕವನ್ನೂ ಮರೆಯುವಂತಿಲ್ಲ. ಈ ವಿಮಾನದ ಒಟ್ಟು ತೂಕ ೧,೪೫೦ ಪೌಂಡನ್ನು ಮೀರಬಾರದು. ಸುಸಜ್ಜಿತವಾದ ೧೪೦ರ ಬರಿಯ ತೂಕವನ್ನು ೮೯೦ ಎಂದಿಟ್ಟುಕೊಂಡರೆ, ೨೫ ಗ್ಯಾಲನ್ ಪೆಟ್ರೋಲಿಗೆ ೧೫೦ ಕಳೆದು, ಇಬ್ಬರು ಮನುಷ್ಯರಿಗೂ ಅವರ ಸಾಮಾನಿಗೂ ಎಣ್ಣೆಗೂ ಉಳಿಯುವುದು ೪೧೦ ಪೌಂಡು. ಬರಿಯ ೧೨೦ ಇದಕ್ಕಿಂತ ಸುಮಾರು ೧೦೦ ಪೌಂಡು ಹಗುರವಾಗಿತ್ತು. ಅಗ್ಗದ ವಿಮಾನ ಹೆಚ್ಚು ಹೊರುತ್ತಿತ್ತು, ಬೇಗ ಏರುತ್ತಿತ್ತು ಎಂಬ ಸಣ್ಣ ಸತ್ಯ ಅದನ್ನು ಸಿಂಗರಿಸಿದ ಮೇಲೆ ಮರೆಯಾಯಿ‌ತು.

ಇಲ್ಲಿಗೆ ದಾಖಲೆಯ ಪ್ರಶ್ನೆಗೆ ಮರಳಬೇಕಾಗಿದೆ. ಅಮೆರಿಕದ ನಿಯಮದಂತೆ ಸಾಮಾನ್ಯ ದುರಸ್ತಿಯ ಬರಹವನ್ನು ಆ ಕೆಲಸ ಪುನಃ ಆಗುವವರೆಗೆ ಅಥವಾ ಒಂದು ವರ್ಷದವರೆಗೆ ಇಟ್ಟುಕೊಂಡರೆ ಸಾಕು; ದೊಡ್ಡ ಬದಲಾವಣೆಗಳ ನಮೂನೆಗಳು ಮಾತ್ರ ವಿಮಾನದೊಡನೆ ಒಡೆಯನಿಂದ ಒಡೆಯನಿಗೆ ಸಾಗಬೇಕು. ಇದರ ಪರಿಣಾಮವೇನೆಂದರೆ ಜನರೇಟರು ಬಂದ ದಿನ ಸರ್ಕಾರದ ಭಂಡಾರದಲ್ಲಿ ಉಳಿಯುತ್ತದೆ, ೧೯೪೬ರ ಆಸನದ ಬಟ್ಟೆ ಹರಿದು ಕಸಕ್ಕೆ ಹೋದ ದಿನ ಎಲ್ಲಿಯೂ ಉಳಿಯುವುದಿಲ್ಲ. ಕಾನೂನು ಕಣ್ಣಿಟ್ಟಲ್ಲಿ ಆಧಾರ ಹುಟ್ಟುತ್ತದೆ. ಮನುಷ್ಯನು ನಿತ್ಯವೂ ಮುಟ್ಟಿ ಕುಳಿತು ಸವೆಸಿದ ವಸ್ತುವಿಗೆ ಸಾಕ್ಷಿಯಿಲ್ಲ. ಆದ್ದರಿಂದ ದೀಪಗಳ ಬದಲಾವಣೆಯನ್ನು ಕುರಿತು ವಿಮಾನಪ್ರೇಮಿಗಳು ಮಾಡುವ ಗದ್ದಲ ಅತಿಯಾದದ್ದೆಂದೂ, ಒಳಾಂಗಣದ ನಷ್ಟವನ್ನು ಕುರಿತು ಅವರ ಮೌನವೇ ಚಿಂತೆಗೆ ಕಾರಣವೆಂದೂ ನಾವು ಭಾವಿಸುತ್ತೇವೆ. ತೆಗೆದ ಬಟ್ಟೆಯ ಒಂದು ಗೇಣು ತುಂಡು, ಹೊಲಿಗೆಯ ಒಂದು ಚಿತ್ರ, ಹಳೆಯ ಬಣ್ಣದ ಮಾದರಿ, ಇವನ್ನು ಲಕೋಟೆಯಲ್ಲಿಟ್ಟು ಲಾಗ್ ಪುಸ್ತಕದೊಡನೆ ಸೇರಿಸಲು ಖರ್ಚೇನೂ ಇಲ್ಲ.

ಹಳೆಯ ವಿಮಾನಗಳನ್ನು ವರ್ಷಂಪ್ರತಿ ಆಶ್‌ಕಾಶ್ ಪಟ್ಟಣದಲ್ಲಿ ನೆರೆಯಿಸಿ ಬಹುಮಾನ ಕೊಡುವ ಪ್ರಯೋಗ ವಿಮಾನ ಸಂಘವು (೧೯೫೩ರಲ್ಲಿ ಸ್ಥಾಪಿತ) ೧೯೪೫ರ ಸೆಪ್ಟೆಂಬರ್ ೧ರಿಂದ ೧೯೫೫ರ ಕೊನೆಯವರೆಗಿನವನ್ನು ‘ಕ್ಲಾಸಿಕ್’ ಎಂಬ ವರ್ಗಕ್ಕೆ ಸೇರಿಸುತ್ತದೆ. ಯುದ್ಧದ ಮುಕ್ತಾಯವನ್ನೇ ಯುಗಸಂಧಿಯಾಗಿ ಹಿಡಿದ ಈ ವಿಭಾಗಕ್ರಮ ಇತಿಹಾಸಕಾರನಿಗೆ ಒಪ್ಪುವಂಥದೇ. ಆದರೆ ತೀರ್ಪುಗಾರರ ಕಣ್ಣು ಅಚ್ಚುಕಟ್ಟಿನ ಕಡೆಗೆ ಹರಿಯುವುದು ಸಹಜ. ಕಾರ್ಖಾನೆಯಿಂದ ಹೊರಬಂದ ದಿನಕ್ಕಿಂತ ಹೆಚ್ಚು ಹೊಳೆಯುವ ವಿಮಾನಗಳು ಅಲ್ಲಿ ಗೆಲ್ಲುವುದುಂಟು. ಮರಳನ್ನು ಚಿಮ್ಮಿಸಿ ಉಜ್ಜಿದ ನಮ್ಮ ಕೆಲವು ಗುಡಿಗಳ ಗೋಡೆಗಳನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಈ ವಿಚಾರ ನಮ್ಮ ನಾಡಿಗೂ ದೂರದ್ದಲ್ಲ. ೧೨೦ಕ್ಕೆ ಸಮಕಾಲೀನವಾಗಿ ಒಹಾಯೋದ ಮಿಡಲ್‌ಟೌನಿನಲ್ಲಿ ತಯಾರಾಗುತ್ತಿದ್ದ ಏರೋಂಕಾ ಚೀಫ್ ಎಂಬ ಎರಡು ಆಸನಗಳ ವಿಮಾನವನ್ನು ಆಧಾರವಾಗಿಟ್ಟುಕೊಂಡು, ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು ಪುಷ್ಪಕವನ್ನು ನಿರ್ಮಿಸಿತು. ಅದರ ಮೊದಲ ಹಾರಾಟ ೧೯೫೮ರ ಸೆಪ್ಟೆಂಬರ್ ೨೮ರಂದು. ಉಕ್ಕಿನ ಕೊಳವೆಗಳ ಚೌಕಟ್ಟಿಗೆ ಬಟ್ಟೆ ಹೊದಿಸಿದ ಈ ವಿಮಾನಗಳು ಸುಮಾರು ೧೬೦ ತಯಾರಾಗಿ, ದೇಶದ ಹಾರಾಟದ ಸಂಘಗಳಲ್ಲಿ ಒಂದು ತಲೆಮಾರಿನ ವೈಮಾನಿಕರಿಗೆ ವಿದ್ಯಾಗುರುಗಳಾದವು. ಪುಷ್ಪಕದ ೯೦ ಅಶ್ವಶಕ್ತಿಯ ಎಂಜಿನ್ನಿನ ಸಂಕೇತ ಸಿ-೯೦-೮ಎಫ್. ಕಾಂಟಿನೆಂಟಲ್ ಎಂಜಿನ್ನುಗಳ ಸಂಕೇತದಲ್ಲಿ ೧೨ ಎಂಬ ಅಂಕಿಯು ಜನರೇಟರಿಗೂ ಸ್ಟಾರ್ಟರಿಗೂ ಸ್ಥಳವಿದೆಯೆಂಬುದನ್ನೂ, ೮ ಎಂಬುದು ಅದಿಲ್ಲವೆಂಬುದನ್ನೂ ಸೂಚಿಸುತ್ತದೆ. ಸೆಸ್ನಾ ೧೨೦ರದು ಸಿ-೮೫-೧೨. ಅಮೆರಿಕದ ತಯಾರಕನು ಬಡ ಗಿರಾಕಿಗಾಗಿ ಮುಂದಿನ ದಿನದ ದೀಪಕ್ಕೆ ಜಾಗ ಬಿಟ್ಟಿದ್ದರೆ, ನಮ್ಮ ಪುಷ್ಪಕವು ಹಗಲಿನ ತರಬೇತಿಗೆಂದೇ ಹುಟ್ಟಿ, ಪ್ರೊಪೆಲರನ್ನು ಕೈಯಿಂದ ತಿರುವಿಸಿಕೊಂಡೇ ಬಾಳಿತು. ಅದಕ್ಕೆ ದೀಪ ತೊಡಿಸಬೇಕೆನ್ನುವವನು ಎಂಜಿನ್ನಿನ ಹಿಂಭಾಗದಿಂದಲೇ ಆರಂಭಿಸಬೇಕು. ಹೀಗಿರುವುದರಿಂದ ಉಳಿದಿರುವ ಪುಷ್ಪಕಗಳು ೧೨೦ಗಳಿಗಿಂತ ತಮ್ಮ ಮೂಲರೂಪಕ್ಕೆ ಹೆಚ್ಚು ಹತ್ತಿರವಾಗಿರುವ ಸಂಭವವುಂಟು. ಅವುಗಳ ಆಸನ, ಫಲಕ, ಹೊದಿಕೆಗಳನ್ನು ಅಳೆದು ಚಿತ್ರ ತೆಗೆದು, ಲಾಗ್ ಪುಸ್ತಕಗಳು ಯಾವ ಯಾವ ಸಂಘದಲ್ಲಿ ಉಳಿದಿವೆಯೆಂಬುದರ ಪಟ್ಟಿಯನ್ನು ಸಿದ್ಧಪಡಿಸುವುದು ಬೆಂಗಳೂರಿನ ಕಾಲೇಜುಗಳ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಕೈಗೆಟಕುವ ಕೆಲಸ. ಜಕ್ಕೂರಿನ ಹಾರಾಟದ ಶಾಲೆಯಿಂದ ಅದನ್ನು ಆರಂಭಿಸಬಹುದು.